ಮೊದಲು ಸೀಟು, ಆಮೇಲೆ ಪಾಯಿಂಟು: ನಾವಿಬ್ಬರೂ ಬಾಲಿಗೆ ಹೋದದ್ದು ಹೀಗೆ

2020ರ ಮೇ 23ಕ್ಕೆ ನಮ್ಮ ಮದುವೆಗೆ ಹತ್ತು ವರ್ಷ ತುಂಬಿತು. ಆವತ್ತು ನಾವು ಸಿಂಗಪುರದಲ್ಲಿ ಇರಬೇಕಿತ್ತು. ಲಾಕ್‌ಡೌನ್ ಬಂತು, ಬೆಂಗಳೂರಿನ ಮನೆಯಲ್ಲೇ ಪಾಯಸ ಮಾಡಿಕೊಂಡು ಕುಡಿದೆವು. ಪ್ರವಾಸ ತಪ್ಪಿದ್ದಕ್ಕೆ ಅಷ್ಟು ಬೇಸರ ಆಗಲಿಲ್ಲ. ಊರಿಗೆ ಊರೇ ಕಷ್ಟದಲ್ಲಿತ್ತು. ಬೇಸರ ಆದದ್ದು ಆಮೇಲೆ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಸಿಗುವ, ನಾಲ್ಕು ವರ್ಷ ಕೂಡಿಸಿದ್ದ ಪಾಯಿಂಟ್‌ಗಳನ್ನೆಲ್ಲ ನಾನು ಟಿಕೆಟ್ ನೋಡುವುದಕ್ಕೂ ಮೊದಲೇ ಒಂದು ವಿಮಾನ ಕಂಪನಿಯ ಖಾತೆಗೆ ಕಳಿಸಿಬಿಟ್ಟಿದ್ದೆ. ಅಲ್ಲಿ ಅವಕ್ಕೆ ವಾಯಿದೆ ಇತ್ತು. ನಾವು ಮತ್ತೆ ಹೊರಡುವ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲವೂ ಹೋಗಿತ್ತು. ಕಾರ್ಡ್ ಖಾತೆಯಲ್ಲೇ ಬಿಟ್ಟಿದ್ದರೆ ಹಾಗೇ ಉಳಿಯುತ್ತಿದ್ದವು. ಅಲ್ಲಿ ವಾಯಿದೆ ಇರಲಿಲ್ಲ.

"ರೀ, ಅದು ದುಡ್ಡಾಗಿದ್ರೆ ಹೀಗೆ ಬಿಟ್ಟುಬಿಡ್ತಿದ್ರಾ?" ಅಂತ ನನ್ನ ಹೆಂಡತಿ ಕೇಳಿದಳು. ಕೋಪದಿಂದ ಕೇಳಿದ್ದಲ್ಲ. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಹದಿನೈದನೇ ವರ್ಷಕ್ಕೆ, ಅಂದರೆ 2025ರ ಮೇ ತಿಂಗಳಿಗೆ, ಬಾಲಿಗೆ ಹೋಗೋಣ ಅಂತ ನಿರ್ಧಾರ ಆದಾಗ ಕ್ರಮವನ್ನೇ ತಿರುಗಿಸಿದೆವು. ಮೊದಲು ದಿನ, ಆಮೇಲೆ ಸೀಟು. ಪಾಯಿಂಟ್ ಕಳಿಸುವುದು ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ಕಾರಣ ಇದೆ. ಬ್ಯಾಂಕಿನ ಪಾಯಿಂಟ್ ಒಮ್ಮೆ ವಿಮಾನ ಕಂಪನಿಗೋ ಹೋಟೆಲ್ ಕಂಪನಿಗೋ ಹೋದರೆ ವಾಪಸ್ ಬರುವುದಿಲ್ಲ. ಬ್ಯಾಂಕಿನಲ್ಲಿ ಇರುವ ತನಕ ಅದನ್ನು ಹತ್ತು ಕಡೆ ಬಳಸಬಹುದು. ಹೋದ ಮೇಲೆ ಒಂದೇ ಕಡೆ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲುಗಳಿಗೆ, ಅಂದರೆ ಆ ಕಂಪನಿಯ ಪಾಯಿಂಟುಗಳಿಗೆ, ಮೂರು ವರ್ಷದ ವಾಯಿದೆ. ಅಕೋರ್ ಹೋಟೆಲ್‌ಗಳ ಪಾಯಿಂಟ್ ಒಂದು ವರ್ಷ ಮುಟ್ಟದೆ ಇಟ್ಟರೆ ಹೋಗುತ್ತವೆ, ಮ್ಯಾರಿಯಟ್‌ನವು ಎರಡು ವರ್ಷ. ಕೂಡಿಸಲು ಶುರು ಮಾಡುವ ದಿನವೇ ಇದನ್ನು ಬರೆದಿಟ್ಟುಕೊಳ್ಳಬೇಕು. ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಳು. ಎರಡು ವರ್ಷ ನಮ್ಮ ಪಾಯಿಂಟ್ ಲೆಕ್ಕವೆಲ್ಲ ಅಲ್ಲೇ ನಡೆಯಿತು.

ಗಂಡ ಹೆಂಡತಿ ಇಬ್ಬರ ಹತ್ತಿರವೂ ಕಾರ್ಡ್ ಇದ್ದರೆ ಒಂದು ತೊಡಕು ಬರುತ್ತದೆ. ಅವಳ ಕಾರ್ಡಿನ ಪಾಯಿಂಟ್ ಅವಳ ಹೆಸರಿನ ಖಾತೆಗೇ ಹೋಗಬೇಕು, ನನ್ನದು ನನ್ನ ಖಾತೆಗೇ. ಇಬ್ಬರೂ ಒಂದೇ ವಿಮಾನ ಕಂಪನಿಗೆ ಕೂಡಿಸಿದರೆ ಅವಳ ಹತ್ತಿರ ಒಂದೂವರೆ ಟಿಕೆಟ್ಟಿಗೆ ಆಗುವಷ್ಟು, ನನ್ನ ಹತ್ತಿರ ಅರ್ಧ ಟಿಕೆಟ್ಟಿಗೆ ಆಗುವಷ್ಟು ಉಳಿದು, ಎರಡೂ ಸೇರದೆ ಕೂತಿರುತ್ತವೆ. ಹಳೇ ಸಲ ನಮಗೆ ಆದದ್ದು ಇದೇ. ಹಾಗಾಗಿ ಈ ಸಲ ಕೆಲಸ ಹಂಚಿಕೊಂಡೆವು. ವಿಮಾನ ಅವಳ ಹೆಸರಲ್ಲಿ, ಹೋಟೆಲ್ ನನ್ನ ಹೆಸರಲ್ಲಿ. ಕ್ರಿಸ್‌ಫ್ಲೈಯರ್‌ನಲ್ಲಿ ಸದಸ್ಯರು ಐದು ಜನರನ್ನು ನಾಮಿನಿ ಮಾಡಿಕೊಳ್ಳಬಹುದು. ಅವರ ಟಿಕೆಟ್ಟೂ ಅದೇ ಖಾತೆಯ ಮೈಲಿನಿಂದ ಮಾಡಬಹುದು. ಅವಳು ನನ್ನನ್ನು ಸೇರಿಸಿದಳು. ಮ್ಯಾರಿಯಟ್‌ನಲ್ಲಿ ಈ ಕಷ್ಟ ಇಲ್ಲ, ಸದಸ್ಯರ ನಡುವೆ ಪಾಯಿಂಟ್ ಕಳಿಸಬಹುದು, ವರ್ಷಕ್ಕೆ 1 ಲಕ್ಷದವರೆಗೆ. ಆದರೂ ಒಂದೇ ಹೆಸರಲ್ಲಿ ಇಟ್ಟರೆ ಲೆಕ್ಕ ಸುಲಭ.

ನನ್ನ ಪಾಲಿನ ಕೂಡಿಕೆ ಅಮೆರಿಕನ್ ಎಕ್ಸ್‌ಪ್ರೆಸ್‌ನ ಮೆಂಬರ್‌ಶಿಪ್ ರಿವಾರ್ಡ್ಸ್ ಕಾರ್ಡಿನಲ್ಲಿ ನಡೆಯಿತು. ನಾವು ಕೂಡಿಸಿದ ಆ ದಿನಗಳಲ್ಲಿ ತಿಂಗಳಿಗೆ ₹1,500 ಅಥವಾ ಅದಕ್ಕೆ ಮೇಲಿನ ನಾಲ್ಕು ಖರೀದಿಗೆ 1,000 ಬೋನಸ್ ಸಿಗುತ್ತಿತ್ತು. ತಿಂಗಳ ಖರ್ಚು ₹20,000 ಮುಟ್ಟಿದರೆ ಇನ್ನೊಂದು 1,000. ಅದರ ಮೇಲೆ ₹50ಕ್ಕೆ ಒಂದು ಪಾಯಿಂಟ್, ಅಂದರೆ ಇನ್ನೂ 400. ತಿಂಗಳಿಗೆ 2,400, ಎರಡು ವರ್ಷಕ್ಕೆ 57,600. ಸೇರುವಾಗ ಸಿಕ್ಕ ಬೋನಸ್ ಬೇರೆ. ಇದಕ್ಕಾಗಿ ನಾವು ಹೊಸದಾಗಿ ಏನೂ ಕೊಳ್ಳಲಿಲ್ಲ. ದಿನಸಿ, ಔಷಧಿ, ಬಟ್ಟೆ, ಮಗಳ ಪುಸ್ತಕ, ಎಲ್ಲ ಆಗಲೇಬೇಕಾದ ಖರ್ಚು. ಪೆಟ್ರೋಲು, ವಿಮೆ, ಕರೆಂಟ್ ಬಿಲ್ಲಿಗೆ ಈ ಕಾರ್ಡಿನಲ್ಲಿ ಪಾಯಿಂಟ್ ಬರುವುದಿಲ್ಲ. ಬೀದಿಯ ಚಿಕ್ಕ ಅಂಗಡಿಗಳಲ್ಲಿ ಈ ಕಾರ್ಡ್ ನಡೆಯುವುದೂ ಕಮ್ಮಿ, ಅದಕ್ಕೆ ತಿಂಗಳ ಸಾಮಾನು ದೊಡ್ಡ ಅಂಗಡಿಯಿಂದ ಒಟ್ಟಿಗೆ ತರುತ್ತಿದ್ದೆವು.

ಬಿಲ್ ಪೂರ್ತಿ ಕಟ್ಟಲು ಆಗದವರು ದಯವಿಟ್ಟು ಈ ದಾರಿಗೆ ಬರಬೇಡಿ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟಿನ ಹತ್ತಿರ ಬಡ್ಡಿ ಬೀಳುತ್ತದೆ. ಒಂದು ತಿಂಗಳು ತಪ್ಪಿದರೂ ಆ ತಿಂಗಳ ಪಾಯಿಂಟಿನ ಬಹುಪಾಲು ಬಡ್ಡಿಗೇ ಸರಿಹೋಗುತ್ತದೆ. ನಾವು ಆಟೋ ಡೆಬಿಟ್ ಹಾಕಿಬಿಟ್ಟೆವು.

ನಮ್ಮ ಕಡೆಯವರಿಗೆ ತುಂಬಾ ಮುಖ್ಯ ಅಂತ ನನಗೆ ಅನಿಸುವ ಇನ್ನೊಂದು ವಿಷಯ ಇನಿಷಿಯಲ್. ನಮ್ಮಲ್ಲಿ ಹೆಸರಿನ ಹಿಂದೆ ಮುಂದೆ ಅಕ್ಷರಗಳು ಇರುತ್ತವಲ್ಲ, ಊರಿನದು ಒಂದು, ಅಪ್ಪನದು ಒಂದು. ಬ್ಯಾಂಕಿನಲ್ಲಿ ನನ್ನ ಹೆಂಡತಿಯ ಹೆಸರು ಇನಿಷಿಯಲ್ ಸಮೇತ ಇತ್ತು. ಪಾಸ್‌ಪೋರ್ಟಿನಲ್ಲಿ ಆ ಅಕ್ಷರ ಬಿಡಿಸಿ ಅವಳ ಅಪ್ಪನ ಪೂರ್ತಿ ಹೆಸರು ಬಂದಿತ್ತು. ವಿಮಾನದ ಖಾತೆಯನ್ನು ಪಾಸ್‌ಪೋರ್ಟಿನಂತೆ ತೆರೆದಿದ್ದೆವು. ಪ್ರಯೋಗಕ್ಕೆ ಅಂತ ಸ್ವಲ್ಪ ಪಾಯಿಂಟ್ ಕಳಿಸಿ ನೋಡಿದಾಗ ಹೆಸರು ಹೊಂದಲಿಲ್ಲ ಅಂತ ನಿಂತುಹೋಯಿತು. ಬ್ಯಾಂಕಿಗೆ ಪಾಸ್‌ಪೋರ್ಟ್ ನಕಲು ಕೊಟ್ಟು, ಎರಡು ಸಲ ಫೋನ್ ಮಾಡಿ, ಸರಿಯಾಗಲು ಮೂರು ವಾರ ಹಿಡಿಯಿತು. ಸೀಟು ಕಣ್ಣೆದುರು ಇದ್ದಾಗ ಹೀಗಾಗಿದ್ದರೆ ಸೀಟು ಹೋಗುತ್ತಿತ್ತು. ಹಾಗಾಗಿ ಮೊದಲ ದಿನವೇ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡು, ಒಂದೊಂದು ಅಕ್ಷರ ನೋಡಿ ಖಾತೆ ತೆರೆಯಿರಿ. ಬ್ಯಾಂಕಿನಲ್ಲೂ ಅದೇ ಹೆಸರು ಇದೆಯಾ ನೋಡಿ. ಚಿಕ್ಕ ಮೊತ್ತ ಕಳಿಸಿ ಪರೀಕ್ಷಿಸಿ.

ಇನ್ನು ಸೀಟು. ಪಾಯಿಂಟಿಗೆ ಕೊಡುವ ಸೀಟುಗಳು ಬೇರೆ, ದುಡ್ಡಿಗೆ ಮಾರುವ ಸೀಟುಗಳು ಬೇರೆ. ವಿಮಾನ ಖಾಲಿ ಕಾಣುತ್ತಿದ್ದರೂ ಪಾಯಿಂಟಿನ ಸೀಟು ಇರದೆ ಹೋಗಬಹುದು. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಇವು 355 ದಿನ ಮುಂಚೆ ತೆರೆಯುತ್ತವೆ. ಅಗ್ಗದ್ದಕ್ಕೆ ಸೇವರ್ ಅಂತ ಹೆಸರು, ಅದಕ್ಕಿಂತ ಜಾಸ್ತಿ ಮೈಲು ಕೇಳುವುದಕ್ಕೆ ಅಡ್ವಾಂಟೇಜ್. ನಾವು 2024ರ ಮೇ ಕೊನೆಯಿಂದಲೇ ದಿನಾ ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಹುಡುಕಲು ಕೂತೆವು.

ಒಬ್ಬರೇ ಹೋಗುವವರಿಗೂ ಜೋಡಿಗೂ ವ್ಯತ್ಯಾಸ ಇಲ್ಲೇ ಇರುವುದು. ನಮಗೆ ಒಂದೇ ವಿಮಾನದಲ್ಲಿ ಎರಡು ಸೇವರ್ ಸೀಟು ಬೇಕಿತ್ತು. ಮದುವೆ ದಿನ ಶುಕ್ರವಾರ ಬಿದ್ದಿತ್ತು, ಹಿಂದಿನ ರಾತ್ರಿ ಹೊರಡೋಣ ಅಂತ ನೋಡಿದರೆ ಇಬ್ಬರಿಗೆ ಅಂತ ಹುಡುಕಿದಾಗ ಏನೂ ಇಲ್ಲ. ಒಬ್ಬರಿಗೆ ಅಂತ ಹುಡುಕಿದರೆ ಒಂದು ಸೀಟು ಇತ್ತು. ಒಂದನ್ನು ಹಿಡಿದು ಇನ್ನೊಂದಕ್ಕೆ ಕಾಯೋಣವೇ ಅಂತ ನಾನು ಅಂದೆ. "ಒಬ್ಬರು ಮೊದಲು ಹೋಗಿ ಏನ್ ಮಾಡೋದು?" ಅಂದಳು. ಸರಿ ತಾನೆ. ಎರಡು ಪ್ರತ್ಯೇಕ ಬುಕಿಂಗ್ ಆದರೆ ವಿಮಾನ ರದ್ದಾದಾಗ ಇಬ್ಬರನ್ನೂ ಒಟ್ಟಿಗೆ ಕಳಿಸುತ್ತಾರೆ ಅನ್ನುವ ಭರವಸೆಯೂ ಇರುವುದಿಲ್ಲ. ಆಗ ಒಂದು ವಿಷಯ ಹೊಳೆಯಿತು. ಮೇ 23 ನಮ್ಮದು, ಅದು ಬದಲಾಗುವುದಿಲ್ಲ. ಆದರೆ ಹೊರಡುವ ದಿನ ಬದಲಾಗಬಹುದಲ್ವಾ? ವಾರದ ನಡುವಿನ ದಿನಗಳನ್ನು ನೋಡುತ್ತಾ ಹೋದೆವು. 19ನೇ ತಾರೀಖು ಸೋಮವಾರ ರಾತ್ರಿ ಬೆಂಗಳೂರಿನಿಂದ ಎರಡು ಸೀಟು ಸಿಕ್ಕಿತು. ಸಿಂಗಪುರದವರೆಗೆ ನಾಲ್ಕೂವರೆ ಗಂಟೆ, ಅಲ್ಲಿಂದ ಬಾಲಿಯ ಡೆನ್ಪಸಾರ್‌ಗೆ ಎರಡೂಮುಕ್ಕಾಲು ಗಂಟೆ.

ಸೀಟು ಕಂಡ ಮೇಲೆ ಪಾಯಿಂಟ್ ಕಳಿಸಿದೆವು. ಬರಲು ಎರಡು ದಿನ ಆಯಿತು. ಆ ಎರಡು ದಿನ ಇಬ್ಬರೂ ಆಫೀಸಿನಿಂದಲೇ ಸೀಟು ಇದೆಯಾ ಅಂತ ನೋಡುತ್ತಿದ್ದೆವು. ಇತ್ತು. ವಾಪಸ್ ಬರುವ ದಿನದ ಸೀಟು ಇನ್ನೂ ತೆರೆದಿರಲಿಲ್ಲ, ಅದನ್ನು ಕಾಯದೆ ಹೋಗುವುದನ್ನು ಮಾತ್ರ ಬುಕ್ ಮಾಡಿದೆವು. ಬರುವುದಕ್ಕೆ ಆಮೇಲೆ ಬೇರೆ ಟಿಕೆಟ್, 27ನೇ ತಾರೀಖು ಮಂಗಳವಾರ. ಅದು ಮೊದಲು ವೇಟ್‌ಲಿಸ್ಟಿನಲ್ಲಿ ಇತ್ತು. ಐದು ವಾರ ಕಾದ ಮೇಲೆ ಖಚಿತ ಆಯಿತು. ಅಷ್ಟು ದಿನವೂ ಅದೇ ದಿನದ ದುಡ್ಡಿನ ಟಿಕೆಟ್ ಎಷ್ಟಿದೆ ಅಂತ ನೋಡಿಕೊಂಡಿದ್ದೆವು. ಬೆಂಗಳೂರಿಗೆ ಬಾಲಿಯಿಂದ ಇಂಡಿಗೋದ ನೇರ ವಿಮಾನ 2024ರ ಮಾರ್ಚಿನಿಂದ ಇದೆ, ಧೈರ್ಯ ಕೊಟ್ಟದ್ದು ಅದು.

ಪಾಯಿಂಟ್ ಕೊಡುವುದು ಲಾಭವೇ ನಷ್ಟವೇ ಅಂತ ತಿಳಿಯಲು ನಾವು ಮಾಡಿದ ಲೆಕ್ಕ ಸುಲಭದ್ದು. ದುಡ್ಡಿನ ಟಿಕೆಟ್ ₹40,000 ಅಂದುಕೊಳ್ಳಿ. ಪಾಯಿಂಟಿನ ಟಿಕೆಟ್ಟಿಗೂ ₹8,000 ತೆರಿಗೆ ನಗದಾಗಿ ಕಟ್ಟಬೇಕು ಅನ್ನಿ. ಉಳಿಯುವುದು ₹32,000. ಕೇಳುವ ಪಾಯಿಂಟ್ 40,000 ಆದರೆ ಪಾಯಿಂಟಿಗೆ 80 ಪೈಸೆ ಬಂತು. ಅದೇ ಪಾಯಿಂಟನ್ನು ಬಿಲ್ಲಿಗೆ ವಜಾ ಹಾಕಿಸಿಕೊಂಡರೆ 25 ಪೈಸೆ ಕೊಡುತ್ತಾರೆ ಅಂದರೆ ವಿಮಾನವೇ ಒಳ್ಳೆಯದು. ತೆರಿಗೆ ಕಳೆಯದೆ ಲೆಕ್ಕ ಮಾಡಿದರೆ ಪಾಯಿಂಟಿನ ಬೆಲೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಹೋಟೆಲಿನ ಲೆಕ್ಕ ಇನ್ನೂ ಚೆನ್ನಾಗಿತ್ತು. ಮ್ಯಾರಿಯಟ್‌ನಲ್ಲಿ ಪಾಯಿಂಟಿನಲ್ಲಿ ಐದು ರಾತ್ರಿ ಒಟ್ಟಿಗೆ ತಗೊಂಡರೆ ನಾಲ್ಕು ರಾತ್ರಿಯ ಪಾಯಿಂಟ್ ಮಾತ್ರ ಕೇಳುತ್ತಾರೆ. ನಾಲ್ಕೇ ರಾತ್ರಿ ಸಾಕು ಅಂದುಕೊಂಡಿದ್ದವರು ಐದು ಮಾಡಿದೆವು. ಬಾಲಿಯ ನೂಸ ದುವಾದಲ್ಲಿರುವ, ಮ್ಯಾರಿಯಟ್‌ನದ್ದೇ ಆದ ಕೋರ್ಟ್‌ಯಾರ್ಡ್ ಹೋಟೆಲಿಗೆ ನಾವು ನೋಡಿದ ದಿನ ರಾತ್ರಿಗೆ 18,000 ಪಾಯಿಂಟ್ ಆಸುಪಾಸು ತೋರಿಸುತ್ತಿತ್ತು. ಇದು ದಿನ ದಿನಕ್ಕೂ ಏರಿಳಿಯುತ್ತದೆ, ಹಾಗಾಗಿ ಸಿಕ್ಕಾಗ ಹಿಡಿದಿಡಬೇಕು. ಮೆಂಬರ್‌ಶಿಪ್ ರಿವಾರ್ಡ್ಸ್ ಪಾಯಿಂಟ್ ಆಗ ಮ್ಯಾರಿಯಟ್‌ಗೆ ಒಂದಕ್ಕೊಂದು ಹೋಗುತ್ತಿತ್ತು. ವಿಮಾನಕ್ಕೆ ಕಳಿಸಿದ್ದರೆ ಎರಡಕ್ಕೆ ಒಂದು. ನನ್ನ ಪಾಯಿಂಟ್ ಹೋಟೆಲಿಗೆ ಅಂತ ಇಟ್ಟದ್ದು ಅದಕ್ಕೇ.

ಬಾಲಿಯ ಹೋಟೆಲ್ ಬೆಲೆ ನೋಡುವಾಗ ಇನ್ನೊಂದು ಗಮನಿಸಿ. ಎಷ್ಟೋ ಕಡೆ ಬೆಲೆಯ ಮುಂದೆ ಎರಡು ಕೂಡು ಗುರುತು ಹಾಕಿರುತ್ತಾರೆ. ತೆರಿಗೆ ಮತ್ತು ಸರ್ವಿಸ್ ಚಾರ್ಜ್ ಬೇರೆ ಅಂತ ಅರ್ಥ. ಎರಡೂ ಸೇರಿ ಸುಮಾರು 21 ಪರ್ಸೆಂಟ್. ₹10,000ದ ಕೋಣೆ ₹12,100 ಆಗುತ್ತದೆ. ಪಾಯಿಂಟಿನ ರಾತ್ರಿಗೆ ಇದು ನಮಗೆ ಬೀಳಲಿಲ್ಲ. ಕೊನೆಯ ಎರಡು ರಾತ್ರಿ ಉಬುದ್‌ನಲ್ಲಿ ಒಂದು ಮನೆಯವರ ಹೋಂಸ್ಟೇಯಲ್ಲಿ ಇದ್ದೆವು. ಅದಕ್ಕೆ ನಗದು ಕೊಟ್ಟೆವು. ಅಂಥ ಅಗ್ಗದ, ಒಳ್ಳೆಯ ಜಾಗಕ್ಕೆ ಪಾಯಿಂಟ್ ಬೇಕಾಗುವುದೇ ಇಲ್ಲ.

ಪಾಯಿಂಟಿನಲ್ಲಿ ಹೋದರೂ ಪ್ರವಾಸ ಪುಕ್ಕಟೆ ಅಲ್ಲ. ಬಾಲಿಯಲ್ಲಿ ನಮ್ಮವರಿಗೆ ಇಳಿದಾಗಲೇ ವೀಸಾ ಸಿಗುತ್ತದೆ, ಒಬ್ಬರಿಗೆ ಅಲ್ಲಿನ ದುಡ್ಡಿನಲ್ಲಿ 5 ಲಕ್ಷ ರುಪಿಯಾ. 2024ರ ಫೆಬ್ರವರಿಯಿಂದ ಪ್ರವಾಸಿಗರಿಗೆ 1.5 ಲಕ್ಷ ರುಪಿಯಾ ಶುಲ್ಕ ಬೇರೆ ಇದೆ. ಇಬ್ಬರಿಗೆ ಸೇರಿ ನಮ್ಮ ದುಡ್ಡಿನಲ್ಲಿ ₹7,000 ಹತ್ತಿರ. ಎರಡನ್ನೂ ಮನೆಯಿಂದಲೇ ಆನ್‌ಲೈನ್ ಕಟ್ಟಿದ್ದರಿಂದ ಅಲ್ಲಿ ಸಾಲಿನಲ್ಲಿ ನಿಲ್ಲಲಿಲ್ಲ. ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಮತ್ತೆ, ಪಾಯಿಂಟ್ ಬರುತ್ತದೆ ಅಂತ ಅಲ್ಲಿ ಸುಮ್ನೆ ಇಲ್ಲಿನ ಕಾರ್ಡ್ ಉಜ್ಜಬೇಡಿ. ಹೊರದೇಶದ ಖರ್ಚಿಗೆ ಬಹಳ ಕಾರ್ಡುಗಳು ಮೂರೂವರೆ ಪರ್ಸೆಂಟ್ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ನಾವು ಊಟ, ಟ್ಯಾಕ್ಸಿಗೆಲ್ಲ ನಗದು ಬಳಸಿದೆವು. ಸಸ್ಯಾಹಾರಿಗಳು ಸಾಂಬಲ್ ಚಟ್ನಿಯಲ್ಲಿ ತೆರಾಸಿ ಇದೆಯಾ ಅಂತ ಕೇಳಿ, ಅದು ಸೀಗಡಿಯದು. ಮಾರ್ಚಿನಲ್ಲಿ ಹೋಗುವವರು ಯುಗಾದಿಯ ಆಸುಪಾಸು ಬರುವ ನ್ಯೆಪಿ ಹಬ್ಬ ನೋಡಿಕೊಳ್ಳಿ. ಆ ದಿನ ಬಾಲಿಯಲ್ಲಿ ಯಾರೂ ಹೊರಗೆ ಬರುವುದಿಲ್ಲ, ವಿಮಾನ ನಿಲ್ದಾಣವೂ ಒಂದು ದಿನ ಪೂರ್ತಿ ಮುಚ್ಚಿರುತ್ತದೆ.

ಮೇ 23ರ ಸಂಜೆ ಉಳುವಾಟು ದೇವಸ್ಥಾನದ ಹತ್ತಿರ ಕೆಚಕ್ ಅನ್ನುವ ಬಾಲಿಯ ನೃತ್ಯ ನೋಡಿದೆವು. ಬಂಡೆಯ ತುದಿ, ಕೆಳಗೆ ಸಮುದ್ರ. ಗಂಡಸರು ಸುತ್ತ ಕೂತು "ಚಕ್ ಚಕ್" ಅಂತ ಹೇಳುತ್ತಾರೆ, ವಾದ್ಯ ಏನೂ ಇಲ್ಲ. ಕಥೆ ರಾಮಾಯಣದ್ದು. ಹನುಮಂತ ಬೆಂಕಿಯ ನಡುವೆ ಬಂದಾಗ ನನ್ನ ಹೆಂಡತಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅವಳು ಶಿರಸಿಯವಳು, ಚಿಕ್ಕಂದಿನಿಂದ ಯಕ್ಷಗಾನ ನೋಡಿ ಬೆಳೆದವಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ಹನುಮಂತನ ವೇಷದ ಬಗ್ಗೆಯೇ ಮಾತಾಡಿದಳು. ಐದು ವರ್ಷದ ಹಿಂದೆ ಕಳೆದುಕೊಂಡ ಪಾಯಿಂಟುಗಳ ನೆನಪು ನನಗೆ ಆವತ್ತು ಬರಲಿಲ್ಲ.

ಆ ಎಂಟು ದಿನ ಮಗಳನ್ನು ನೋಡಿಕೊಂಡವರು ಅತ್ತೆ. ಅವರು ಇನ್ನೂ ವಿಮಾನ ಹತ್ತಿಲ್ಲ. ನನ್ನ ಹೆಂಡತಿಯ ಖಾತೆಯ ನಾಮಿನಿ ಪಟ್ಟಿಯಲ್ಲಿ ಈಗ ಎರಡನೇ ಹೆಸರು ಅವರದ್ದಾಗಬೇಕು. ಅದಕ್ಕೆ ಮೊದಲು ಪಾಸ್‌ಪೋರ್ಟ್ ಆಗಬೇಕಲ್ಲ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅರ್ಜಿ ತುಂಬಿದ್ದೇವೆ. ಇನಿಷಿಯಲ್ ಬಿಡಿಸಿ, ಪೂರ್ತಿ ಹೆಸರು ಬರೆದಿದ್ದೇವೆ.