ಬೋನ್ಸಾಯ್ ಸಮ್ಮೇಳನಕ್ಕೆ ಒಂದು ಗಿಡದ ಪ್ರಶ್ನೆ ಹೊತ್ತು

ಕುಂಡದಲ್ಲೇ ಪುಟ್ಟ ಮರ ಬೆಳೆಸುವ ಬೋನ್ಸಾಯ್ ಕಲೆಯ ಸಮ್ಮೇಳನಕ್ಕೆ ಹೊರಡುವ ಮುಂಚೆ ತಾರಸಿಯ ಮೇಲಿರುವ ಒಂದೇ ಒಂದು ಗಿಡ ಆರಿಸಿಕೊಳ್ಳುತ್ತೇನೆ. ಹಿಂದೆ ಬಿಳಿ ಪಂಚೆ ಇಳಿಬಿಟ್ಟು, ಮೊಬೈಲನ್ನು ಕುಂಡದ ಮಟ್ಟಕ್ಕೆ ತಂದು, ನಾಲ್ಕೂ ಕಡೆಯಿಂದ ಫೋಟೋ ತೆಗೆಯುತ್ತೇನೆ. ಪಂಚೆ ಇಲ್ಲದಿದ್ದರೆ ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆಗಳ ನಡುವೆ ಕೊಂಬೆ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಈಚೆಗೆ ಹೀಗೆ ಫೋಟೋದಲ್ಲಿ ಜೊತೆಗೆ ಬಂದದ್ದು ಒಂದು ಬಸರಿ. ಹಳೇ ಕಾಂಪೌಂಡ್ ಗೋಡೆಯ ಬಿರುಕಿನಿಂದ ಕಿತ್ತು ತಂದದ್ದು. ಕಾಂಡ ದಪ್ಪ, ತಲೆ ತುಂಬಾ ಎಲೆ. ಆದರೆ ಎಡಕ್ಕೆ ಎಲ್ಲಕ್ಕಿಂತ ಕೆಳಗಿರುವ ಕೊಂಬೆ ಮಾತ್ರ ತೆಳ್ಳಗೆ ಹಾಗೇ ಉಳಿದಿತ್ತು. ಅದನ್ನು ದಪ್ಪ ಮಾಡುವುದು ಹೇಗೆ? ಇಷ್ಟೇ ನನ್ನ ಪ್ರಶ್ನೆ.

ಒಂದೇ ಗಿಡ ಯಾಕೆ ಅಂದರೆ, ಅಲ್ಲಿ ಬೆಳಗಿನಿಂದ ಸಂಜೆವರೆಗೆ ವೇದಿಕೆ ಮೇಲೆ ಒಂದಲ್ಲ ಒಂದು ಡೆಮೊ ನಡೀತಾನೇ ಇರುತ್ತದೆ, ಎಲ್ಲವನ್ನೂ ತಲೆಗೆ ತುಂಬಿಕೊಳ್ಳಲು ಆಗುವುದಿಲ್ಲ. ಹೊರದೇಶದ ಗುರುಗಳು ಬಂದರೆ ಸಾಮಾನ್ಯವಾಗಿ ಚಳಿ ಸೀಮೆಯ ಜುನಿಪರ್ ಅಥವಾ ಪೈನ್ ಮರಗಳ ಮಾತು. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಬಸರಿ, ಗೋಳಿ, ಅರಳಿ, ಹುಣಸೆ, ಬೋಗನ್‌ವಿಲ್ಲಾ. ಅವರು ಹೇಳುವ ಋತು, ಮಣ್ಣು, ಗೊಬ್ಬರದ ಲೆಕ್ಕ ನಮ್ಮ ಊರಿಗೆ ಕೂಡುವುದಿಲ್ಲ. ಅದನ್ನೆಲ್ಲ ಬರೆದುಕೊಳ್ಳುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಬರೆದುಕೊಳ್ಳಬೇಕಾದ್ದು ಕೈ ಕೆಲಸ.

ಅದಕ್ಕೇ ನಾನು ಮುಂದಿನ ಸಾಲಿನ ನಡುವೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ. ಎದುರಿನಿಂದ ಮರ ಕಾಣುತ್ತದೆ, ಕೈ ಕಾಣುವುದಿಲ್ಲ. ಒಮ್ಮೆ ಒಬ್ಬರು ದಪ್ಪ ಕೊಂಬೆ ಬಗ್ಗಿಸುವುದನ್ನು ಹೀಗೆ ಪಕ್ಕದಿಂದ ನೋಡಿದೆ. ತಂತಿಯನ್ನು ಮೊದಲು ಕಾಂಡಕ್ಕೆ ಸುತ್ತಿ ಬಿಗಿ ಮಾಡಿಕೊಂಡು, ಆಮೇಲೆ ಕೊಂಬೆಗೆ ಓರೆಯಾಗಿ ಹತ್ತಿಸಿದರು. ಎಲ್ಲಿ ಬಗ್ಗಬೇಕೋ ಅಲ್ಲಿ ತಂತಿ ಸರಿಯಾಗಿ ತಿರುವಿನ ಹೊರಮೈ ಮೇಲೆ ಬರುವ ಹಾಗೆ ನೋಡಿಕೊಂಡರು. ತೊಗಟೆ ಸೀಳುವುದು ಅಲ್ಲೇ ತಾನೇ. ಆಮೇಲೆ ಎರಡೂ ಹೆಬ್ಬೆರಳು ಒಳಗಡೆ ಒತ್ತಿ ಸ್ವಲ್ಪ ಬಗ್ಗಿಸಿದರು, ನಿಲ್ಲಿಸಿದರು, ಬಿರಿಯುವ ಸದ್ದು ಬರುತ್ತದಾ ಅಂತ ಕಿವಿ ಹತ್ತಿರ ತಂದು ಆಲಿಸಿದರು, ಮತ್ತೆ ಸ್ವಲ್ಪ ಬಗ್ಗಿಸಿದರು. ಅಷ್ಟರಲ್ಲಿ ಅನುವಾದಕರು ಮೈಕಿನಲ್ಲಿ ಪ್ರಕೃತಿ, ಶಾಂತಿ ಅಂತ ಏನೋ ಹೇಳುತ್ತಿದ್ದರು. ಜನ ಅದನ್ನು ಬರೆದುಕೊಳ್ಳುತ್ತಿದ್ದರು.

ನನ್ನ ಬಸರಿಗೆ ಉತ್ತರ ಸಿಕ್ಕಿದ್ದು ವೇದಿಕೆಯ ಹಿಂದೆ. ಗುರುಗಳಿಗೆ ತಂತಿ ಕತ್ತರಿಸಿ ಕೊಡುವ, ಮರ ಹೊತ್ತು ತರುವ ಸಹಾಯಕರು ಇರುತ್ತಾರಲ್ಲ, ಅವರಿಗೆ ನಮ್ಮ ಬಿಸಿಲು, ನಮ್ಮ ನೀರು ಎರಡೂ ಗೊತ್ತು. ಊಟದ ಹೊತ್ತಿನಲ್ಲಿ ಅಂಥ ಒಬ್ಬರ ಪಕ್ಕ ಕೂತು ಫೋಟೋ ತೋರಿಸಿದೆ. 'ಸರ್, ಆ ಕೊಂಬೆ ತುದಿ ಚಿವುಟ್ತಾ ಇದೀರಾ? ಮುಟ್ಟಲೇಬೇಡಿ. ತುದಿ ಮೇಲಕ್ಕೆ ಎತ್ತಿ ಕಟ್ಟಿ, ಎಷ್ಟುದ್ದ ಹೋಗತ್ತೋ ಹೋಗ್ಲಿ. ತಲೆ ಮಾತ್ರ ಚೆನ್ನಾಗಿ ಕತ್ತರಿಸಿ' ಅಂದರು. ಬಸರಿ ಜಾತಿಯ ಮರಗಳಲ್ಲಿ ಶಕ್ತಿಯೆಲ್ಲ ಮೇಲಕ್ಕೆ ಓಡುತ್ತದೆ. ಮೇಲೆ ತಡೆದು ಕೆಳಗೆ ಎಲೆ ಜಾಸ್ತಿ ಬಿಟ್ಟರೆ ಕೆಳಗಿನ ಕೊಂಬೆ ಉಬ್ಬುತ್ತದೆ. 'ಈ ಗಿಡಕ್ಕೆ ಏನು ಮಾಡ್ಲಿ' ಅಂತ ಕೇಳಿದ್ದರೆ 'ಚೆನ್ನಾಗಿದೆ ಸರ್' ಅಂದುಬಿಡುತ್ತಿದ್ದರು.

ಸ್ವಯಂಸೇವಕರು ಬೇಕು ಅಂದರೆ ಹೆಸರು ಕೊಟ್ಟುಬಿಡಿ. ಪ್ರದರ್ಶನದ ಮರಗಳಿಗೆ ನೀರು ಹಾಕುವ ಕೆಲಸ ಸಿಕ್ಕರಂತೂ ಅದೃಷ್ಟ. ಜನ ಹೋದ ಮೇಲೆ ಮರದ ಹಿಂಭಾಗ ನೋಡಬಹುದು. ಎಲ್ಲಿ ದೊಡ್ಡ ಕೊಂಬೆ ಕತ್ತರಿಸಿದ್ದಾರೆ, ಗಾಯ ಎಷ್ಟು ಮುಚ್ಚಿದೆ, ಹಳೇ ತಂತಿಯ ಗುರುತು ಎಲ್ಲಿದೆ, ಎಲ್ಲಾ ಅಲ್ಲಿ ಕಾಣುತ್ತದೆ. ಮೊಣಕಾಲೂರಿ, ಕಣ್ಣನ್ನು ಕುಂಡದ ಮಟ್ಟಕ್ಕೆ ತಂದು ನೋಡಬೇಕು. ನಿಂತು ನೋಡಿದರೆ ಬರೀ ಎಲೆ ಕಾಣುತ್ತದೆ.

ಮಳಿಗೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕತ್ತರಿ, ಒಳ್ಳೇ ಕುಂಡ ಬೇಕಿದ್ದರೆ ಮೊದಲ ದಿನ ಬೆಳಿಗ್ಗೆಯೇ ಕೊಳ್ಳಿ. ಗಿಡ ಕೊಳ್ಳುವುದಾದರೆ ಕಡೇ ಸಂಜೆವರೆಗೆ ಕಾಯಿರಿ, ವಾಪಸ್ ಹೊತ್ತುಕೊಂಡು ಹೋಗಲು ಅವರಿಗೂ ಬೇಜಾರು. ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಸಡಿಲವಾಗಿದ್ದರೆ ಸಾಮಾನ್ಯವಾಗಿ ಮೊನ್ನೆ ಮೊನ್ನೆ ಕುಂಡಕ್ಕೆ ಹಾಕಿದ್ದು ಅಂತ ಅರ್ಥ, ಬಸ್ಸಿನಲ್ಲಿ ತಂದರೆ ಉಳಿಯುವುದು ಕಷ್ಟ.

ಕಾರ್ಯಕ್ರಮದ ಆಚೆಗೂ ಒಂದು ದಿನ ಇಟ್ಟುಕೊಳ್ಳುತ್ತೇನೆ. ಮೈಸೂರಿನಲ್ಲಾದರೆ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ. ಮೊದಲ ವಿಶ್ವ ಬೋನ್ಸಾಯ್ ಸಮ್ಮೇಳನ 1989ರಲ್ಲಿ ಜಪಾನಿನ ಓಮಿಯಾದಲ್ಲಿ ನಡೆಯಿತು, 2017ರಲ್ಲಿ ಮತ್ತೆ ಅದೇ ಜಾಗಕ್ಕೆ, ಅಂದರೆ ಓಮಿಯಾ ಈಗ ಸೇರಿರುವ ಸೈತಾಮಾ ನಗರಕ್ಕೆ ಬಂತು. ಅಲ್ಲಿಗೆ ಹೋದವರಿಗೆ ಸಭಾಂಗಣದಷ್ಟೇ ದೊಡ್ಡ ಪಾಠಶಾಲೆ ಪಕ್ಕದ ಬೋನ್ಸಾಯ್ ಹಳ್ಳಿ. 1923ರ ಭೂಕಂಪದ ನಂತರ ಟೋಕಿಯೊದ ಬೆಳೆಗಾರರು ಬಂದು ನೆಲೆಸಿದ ಜಾಗ ಅದು. ಅಲಂಕಾರ ಮಾಡಿ ಮೇಜಿನ ಮೇಲಿಟ್ಟ ಮರಕ್ಕಿಂತ ಬೆಂಚಿನ ಮೇಲೆ ಅರ್ಧ ಕೆಲಸವಾದ ಮರ ನನಗೆ ಹೆಚ್ಚು ಕಲಿಸುತ್ತದೆ.

ಮನೆಗೆ ಬಂದ ತಕ್ಷಣ ಕತ್ತರಿ ಹಿಡಿಯುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಬಸರಿ ಮಂಕಾಗಿರುತ್ತದೆ. ಹೇಳಿಸಿಕೊಂಡದ್ದನ್ನು ಫೋಟೋ ಮೇಲೇ ಬರೆದು ಇಟ್ಟುಕೊಂಡು, ಮಾರ್ಚ್‌ನಲ್ಲಿ ಬಿಸಿಲೇರಿ ಹೊಸ ಚಿಗುರು ಕಂಡ ಮೇಲೆ ತಲೆ ಕತ್ತರಿಸಿದೆ. ಕೆಳಗಿನ ಕೊಂಬೆ ಈಗ ಪಕ್ಕದ ಕುಂಡದ ಮೇಲೆಲ್ಲ ಚಾಚಿದೆ. ನೋಡಿದವರು 'ಇದನ್ನ್ಯಾಕೆ ಕತ್ತರಿಸಿಲ್ಲ?' ಅಂತಾರೆ. ಇನ್ನೊಂದು ಮಳೆಗಾಲ ಹಾಗೇ ಬಿಡುತ್ತೇನೆ.