ಉಪ್ಪುನೀರಿನ ಅಕ್ವೇರಿಯಂ ಫೋಟೊ: ಗಾಜು, ನೀಲಿ ಬೆಳಕು, ಪಂಪು

ಫೋಟೊ ಮಸುಕಾಗಿ ಬಂದರೆ ಮೊದಲು ಗಾಜನ್ನು ನೋಡಿ, ಕ್ಯಾಮೆರಾ ಆಮೇಲೆ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬೋರ್‌ವೆಲ್‌ನ ಗಡಸು ನೀರಿನಿಂದ ಹೊರಗಾಜು ಒರೆಸಿದರೆ ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಉಪ್ಪು ಕಲಸಲು ಹೇಗೂ ಆರ್‌ಒ ನೀರು ಇಟ್ಟಿರುತ್ತೀರಿ, ಹತ್ತಿ ಅರಿವೆಯನ್ನು ಅದರಲ್ಲೇ ಅದ್ದಿ ಒರೆಸಿ. ಅಮೋನಿಯಾ ಇರುವ ಸ್ಪ್ರೇ ತೊಟ್ಟಿಯ ಹತ್ತಿರವೂ ಬೇಡ. ಒಳಗಿನ ಪಾಚಿಯನ್ನು ಮ್ಯಾಗ್ನೆಟ್ ಕ್ಲೀನರ್‌ನಿಂದ ಒಂದು ಗಂಟೆ ಮೊದಲೇ ಉಜ್ಜಿಬಿಡಿ. ಆಗಷ್ಟೇ ಉಜ್ಜಿದರೆ ತೇಲುವ ಕಣಗಳು ಚಿತ್ರದ ತುಂಬ ಚುಕ್ಕೆಗಳಾಗುತ್ತವೆ.

ಕೋಣೆಯ ದೀಪ ಆರಿಸಿ, ಪರದೆ ಎಳೆಯಿರಿ. ಲೆನ್ಸ್ ಗಾಜಿಗೆ ನೇರವಾಗಿರಲಿ. ಓರೆಯಾದರೆ ಬೆಳಕು ಬಾಗಿ ಅಂಚುಗಳಲ್ಲಿ ಬಣ್ಣ ಒಡೆಯುತ್ತದೆ, ದುಬಾರಿ ಲೆನ್ಸ್ ಕೂಡ ಅದನ್ನು ತಡೆಯದು. ಲೆನ್ಸಿನ ತುದಿಗೆ ಹಾಕುವ ರಬ್ಬರ್ ಹುಡ್ ಗಾಜಿಗೆ ಒತ್ತಿ ಹಿಡಿದರೆ ಪ್ರತಿಬಿಂಬ ಹೋಗುತ್ತದೆ, ಕೈಯೂ ನಡುಗುವುದಿಲ್ಲ.

ಕ್ಲೌನ್ ಮೀನಿಗೆ ಶಟರ್ 1/200 ಸೆಕೆಂಡ್, ಅಪರ್ಚರ್ (ಲೆನ್ಸಿನ ತೆರಪು) ಎಫ್/5.6, ಐಎಸ್‌ಒ (ಬೆಳಕಿಗೆ ಸಂವೇದನೆ) 1600ರಿಂದ ಶುರು ಮಾಡಿ. ಅದರ ಹಿಂದೆ ಓಡಬೇಡಿ. ತಾನು ವಾಸಿಸುವ ಅನಿಮೊನಿಗೆ (ಹೂವಿನಂತೆ ಕಾಣುವ ಕಡಲಜೀವಿ) ಮರಳಿ ಬಂದೇ ಬರುತ್ತದೆ. ಅಲ್ಲೇ ಫೋಕಸ್ ಇಟ್ಟು, ಕಣ್ಣು ಸ್ಪಷ್ಟವಾದಾಗ ಒತ್ತಿ. ಹವಳಕ್ಕೆ ಟ್ರೈಪಾಡ್, 60 ಅಥವಾ 100 ಎಂಎಂ ಮ್ಯಾಕ್ರೊ (ತೀರ ಹತ್ತಿರದ ಚಿತ್ರಕ್ಕೆ) ಲೆನ್ಸ್, ಎಫ್/8ರಿಂದ ಎಫ್/11, ಐಎಸ್‌ಒ 400, 2 ಸೆಕೆಂಡ್ ಟೈಮರ್. ಹವಳ ತೂಗಾಡದಂತೆ ವೇವ್‌ಮೇಕರ್ (ತೊಟ್ಟಿಯಲ್ಲಿ ಅಲೆ ಎಬ್ಬಿಸುವ ಪಂಪು) ನಿಲ್ಲಿಸಿ. ಸಂಪ್‌ನಿಂದ (ಅಕ್ವೇರಿಯಂ ಕೆಳಗಿನ ಫಿಲ್ಟರ್ ತೊಟ್ಟಿ) ನೀರನ್ನು ಮೇಲೆ ತಳ್ಳುವ ರಿಟರ್ನ್ ಪಂಪನ್ನೂ ನಿಲ್ಲಿಸುವುದಾದರೆ ಇಳಿದು ಬರುವ ನೀರಿಗೆ ಸಂಪ್‌ನಲ್ಲಿ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹತ್ತು ನಿಮಿಷ ಸಾಕು, ಪಂಪು ಮತ್ತೆ ಹಾಕಲು ಮರೆಯದಂತೆ ಮೊಬೈಲಿನಲ್ಲಿ ಅಲಾರಂ ಇಡಿ. ಏಪ್ರಿಲ್-ಮೇ ಬಿಸಿಲಿಗೆ ನೀರು ಕಾದಿದ್ದರೆ ಅದರಲ್ಲಿ ಕರಗಿರುವ ಆಮ್ಲಜನಕವೇ ಕಡಿಮೆ. ಆಗ ಐದೇ ನಿಮಿಷ.

ಹೆಚ್ಚು ಜನ ಸೋಲುವುದು ನೀಲಿ ಬೆಳಕಿನ ಮುಂದೆ. ರೀಫ್ ಎಲ್‌ಇಡಿಯ (ಹವಳದ ತೊಟ್ಟಿಯ ದೀಪ) ನೀಲಿ 450 ನ್ಯಾನೊಮೀಟರ್ ಆಸುಪಾಸಿನದು. ಬರೀ ನೀಲಿ ಉರಿಯುವಾಗ ದೀಪದಿಂದ ಕೆಂಪು ಬೆಳಕೇ ಬರುವುದಿಲ್ಲ, ಇಲ್ಲದ ಬಣ್ಣವನ್ನು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರ) ಕೂಡ ತಂದುಕೊಡದು. ಆದ್ದರಿಂದ ದೀಪದ ಬಿಳಿ ಚಾನಲ್ ಏರಿಸಿ, ತೊಟ್ಟಿಯೊಳಗೆ ಒಂದು ತುಂಡು ಬಿಳಿ ಪಿವಿಸಿ ಇಟ್ಟು ಅದು ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ರಾದಲ್ಲೇ ತೆಗೆಯಿರಿ. ಕ್ಯಾಮೆರಾದ ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೀಲಿಯ ಗೆರೆಯನ್ನು ಬೇರೆಯಾಗಿ ನೋಡಿ. ಅದು ಬಲತುದಿಗೆ ಬಡಿದರೆ ಹವಳದ ಮೈಯ ವಿವರ ಅಳಿಸಿಹೋಗುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ) ಇಳಿಸಿ. ಮೊಬೈಲ್ ಆದರೆ ಲೆನ್ಸ್ ಮುಂದೆ ಕಿತ್ತಳೆ ಫಿಲ್ಟರ್ ಹಿಡಿಯಿರಿ. ಅಡ್ಡ ಪಟ್ಟಿಗಳು ಬಂದರೆ ಅದು ಡಿಮ್ ಮಾಡಿದ ಎಲ್‌ಇಡಿಯ ಮಿಣುಕು: ದೀಪದ ಪ್ರಖರತೆ ಏರಿಸಿ, ಇಲ್ಲವೇ ಶಟರ್ 1/100ಕ್ಕೆ ಇಳಿಸಿ.

ಫ್ಲ್ಯಾಶ್ ಬಳಸುವುದಾದರೆ ಕ್ಯಾಮೆರಾದಿಂದ ಬಿಡಿಸಿ, ತೊಟ್ಟಿಯ ಮೇಲಿನಿಂದ ಕೆಳಮುಖವಾಗಿ. ಉಪ್ಪಿನ ಹನಿ ತಗುಲಿ ಅದರ ಲೋಹ ತುಕ್ಕು ಹಿಡಿಯದಂತೆ ಪಾರದರ್ಶಕ ಪಾಲಿಥಿನ್ ಸುತ್ತಿ, ಬಿಗಿಯಾಗಿ ಕಟ್ಟಿ.