ಹಳದಿ ಜೆರ್ಸಿಯ ಲೆಕ್ಕ ಓದುವುದು ಹೇಗೆ?

ಟೂರ್ ಡಿ ಫ್ರಾನ್ಸ್ ಸೈಕಲ್ ರೇಸನ್ನು ಟಿ.ವಿ.ಯಲ್ಲಿ ಮೊದಲ ಸಲ ನೋಡುವವರಿಗೆ ಗೊಂದಲ ತಪ್ಪಿದ್ದಲ್ಲ. ನಾಲ್ಕೈದು ಜನ ಮುಂದೆ ಓಡುತ್ತಾರೆ. ಅವರಲ್ಲೇ ಒಬ್ಬರು ಆ ದಿನ ಗೆಲ್ಲುತ್ತಾರೆ. ಹಳದಿ ಜೆರ್ಸಿ ಮಾತ್ರ ಹಿಂದಿನ ಗುಂಪಿನಲ್ಲಿ ಆರಾಮಾಗಿ ಬಂದ ಇನ್ನೊಬ್ಬರ ಮೈಮೇಲೆ ಇರುತ್ತದೆ! ಕಾರಣ ಇಷ್ಟೇ: ಮೂರು ವಾರ, 21 ಸ್ಟೇಜ್ (ಒಂದೊಂದು ದಿನದ ಓಟ), ಎಲ್ಲದರ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವರೇ ಚಾಂಪಿಯನ್. ಆ ದಿನದವರೆಗಿನ ಮೊತ್ತದಲ್ಲಿ ಮುಂದಿರುವವರಿಗೆ ಹಳದಿ ಜೆರ್ಸಿ.

ಹಾಗಾದರೆ ಒಬ್ಬ ಸವಾರ ಇಡೀ ರೇಸನ್ನು ಆಳುತ್ತಿದ್ದಾನೆ ಎಂದರೆ ಏನು? ಅವನ ಲೆಕ್ಕಾಚಾರ ನಮಗೆ ಕಾಣುವುದು ಹೇಗೆ? ಕಲಿಯಲು 2025ರ ಟೂರ್ ಒಳ್ಳೆಯ ಪಾಠ. ಜುಲೈ 5ರಂದು ಲೀಲ್ ನಗರದಲ್ಲಿ ಶುರುವಾಗಿ 27ರಂದು ಪ್ಯಾರಿಸ್‌ನಲ್ಲಿ ಮುಗಿಯಿತು. ಸ್ಲೊವೇನಿಯಾದ ಟಾಡೆ ಪೊಗಾಚರ್ ನಾಲ್ಕನೇ ಸಲ ಗೆದ್ದರು. ಡೆನ್ಮಾರ್ಕ್‌ನ ಯೋನಸ್ ವಿಂಗೆಗಾರ್ಡ್ ಎರಡನೆಯವರು.

ಮೊದಲು ಅಂತರವನ್ನು ಬಿಡಿಸಿ

ಪೊಗಾಚರ್ ತೆಗೆದುಕೊಂಡ ಒಟ್ಟು ಸಮಯ 76 ಗಂಟೆ 32 ಸೆಕೆಂಡ್. ವಿಂಗೆಗಾರ್ಡ್ ಪೊಗಾಚರ್‌ಗಿಂತ 4 ನಿಮಿಷ 24 ಸೆಕೆಂಡ್ ಹಿಂದೆ. ಅಂದರೆ ಒಟ್ಟು ಸಮಯದಲ್ಲಿ ಸಾವಿರಕ್ಕೆ ಒಂದು ಪಾಲು ಕೂಡ ಇಲ್ಲ.

ಈಗ ಒಂದು ಪೆನ್ನು ತೆಗೆದುಕೊಂಡು ಈ 4:24 ಎಲ್ಲಿಂದ ಬಂತು ಎಂದು ಬರೆಯಿರಿ. ಐದನೇ ಸ್ಟೇಜ್, ಕಾನ್ ನಗರದ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಟೇಜ್): 1 ನಿಮಿಷ 5 ಸೆಕೆಂಡ್. ಹನ್ನೆರಡನೇ ಸ್ಟೇಜ್, ಒಟಾಕಾಂ ಬೆಟ್ಟ: ಬೋನಸ್ (ಮೊದಲು ಗುರಿ ಮುಟ್ಟಿದವರ ಸಮಯದಿಂದ ಕಳೆಯುವ ಕೆಲವು ಸೆಕೆಂಡ್) ಸೇರಿ 2 ನಿಮಿಷ 14 ಸೆಕೆಂಡ್. ಮರುದಿನ ಪೇರಗೂಡ್ ಏರಿನ ಟೈಮ್ ಟ್ರಯಲ್: 36 ಸೆಕೆಂಡ್. ಕೂಡಿಸಿದರೆ 3 ನಿಮಿಷ 55 ಸೆಕೆಂಡ್. ಮೂರೇ ದಿನ! ಉಳಿದ 18 ದಿನಗಳಲ್ಲಿ ಗಳಿಸಿದ್ದು ಬರೀ 29 ಸೆಕೆಂಡ್.

ಈ ಲೆಕ್ಕ ಮಾಡಿ ನೋಡಿದರೆ ‘ದಿನಾ ಎಲ್ಲರನ್ನೂ ಹಿಂದೆ ಹಾಕುವವನು’ ಎಂಬ ಕಲ್ಪನೆ ಅಲ್ಲೇ ಬಿದ್ದುಹೋಗುತ್ತದೆ. ಕೆಲವೇ ದಿನ ಖರ್ಚು, ಉಳಿದ ದಿನ ಉಳಿತಾಯ. ಮುಂದಿನ ಹೆಜ್ಜೆಗಳೆಲ್ಲ ಯಾವ ದಿನ ಯಾವುದು ಎಂದು ಪತ್ತೆ ಹಚ್ಚುವುದಕ್ಕೇ.

ಖರ್ಚಿನ ದಿನಗಳನ್ನು ಮೊದಲೇ ಗುರುತು ಹಾಕಿ

ಸೈಕಲ್ ಸವಾರನ ದೊಡ್ಡ ಶತ್ರು ಗಾಳಿ. ಸಮತಟ್ಟು ರಸ್ತೆಯಲ್ಲಿ ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋದರೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಉಳಿಯುತ್ತದೆ. ಹಾಗಾಗಿ ಅಲ್ಲಿ ಎಷ್ಟೇ ಬಲಶಾಲಿಯಾದರೂ ಎದುರಾಳಿಯನ್ನು ಕಳಚಿಕೊಳ್ಳುವುದು ಕಷ್ಟ. ಕಡಿದಾದ ಏರಿನಲ್ಲಿ ವೇಗ ಇಳಿಯುತ್ತದೆ, ಗಾಳಿಯ ಮರೆಯಿಂದ ಸಿಗುವ ಲಾಭವೂ ಇಳಿಯುತ್ತದೆ. ಟೈಮ್ ಟ್ರಯಲ್‌ನಲ್ಲಂತೂ ಒಬ್ಬೊಬ್ಬರೇ ಓಡಿಸಬೇಕು, ಮರೆ ಅನ್ನುವುದೇ ಇಲ್ಲ.

ಆದ್ದರಿಂದ ಸ್ಟೇಜ್‌ಗಳ ನಕ್ಷೆ ಸಿಕ್ಕ ಕೂಡಲೇ ಎರಡನ್ನು ಹುಡುಕಿ: ಟೈಮ್ ಟ್ರಯಲ್‌ಗಳು ಮತ್ತು ಉದ್ದದ ಏರಿನ ತುದಿಯಲ್ಲೇ ಮುಗಿಯುವ ಸ್ಟೇಜ್‌ಗಳು. ತುದಿಯಲ್ಲೇ ಮುಗಿಯಬೇಕು, ಇದು ಮುಖ್ಯ. ಏರಿನ ನಂತರ ಇಳಿಜಾರು, ಕಣಿವೆ ಬಂದರೆ ಹಿಂದಿನವರು ಒಟ್ಟುಗೂಡಿ ಅಂತರ ಮುಚ್ಚಿಬಿಡುತ್ತಾರೆ. ಒಟಾಕಾಂ ಏರು 13.5 ಕಿ.ಮೀ. ಉದ್ದ, ಸರಾಸರಿ 7.8 ಶೇಕಡಾ ಏರಿಕೆ. ಆ ವರ್ಷದ ಮೊದಲ ದೊಡ್ಡ ಪರ್ವತದ ದಿನವೂ ಅದೇ. ಮೊದಲ ಪರ್ವತದ ದಿನ ಯಾರ ಕಾಲು ಹೇಗಿದೆ ಎಂದು ಯಾರಿಗೂ ಖಚಿತವಿರುವುದಿಲ್ಲ. ಬಲವಿರುವವನು ಆ ಅನುಮಾನವನ್ನೇ ಬಳಸಿಕೊಳ್ಳುತ್ತಾನೆ.

ಫಾರ್ಮ್ ತಿಳಿಯಲು ಏಪ್ರಿಲ್‌ನಿಂದ ನೋಡಿ

ಜುಲೈ ಫಲಿತಾಂಶದ ಬೇರು ವಸಂತದಲ್ಲಿರುತ್ತದೆ. 2023ರ ಏಪ್ರಿಲ್‌ನಲ್ಲಿ ಲೀಜ್–ಬಾಸ್ಟೋನ್–ಲೀಜ್ ರೇಸಿನಲ್ಲಿ ಬಿದ್ದು ಪೊಗಾಚರ್ ಮಣಿಕಟ್ಟು ಮುರಿದುಕೊಂಡಿದ್ದರು. ತಯಾರಿ ಅರ್ಧಂಬರ್ಧ ಆಯಿತು. ಟೂರ್‌ನಲ್ಲಿ ಎರಡು ವಾರ ಹೇಗೋ ತೂಗಿಸಿದರು. ಮೂರನೇ ವಾರ ಟೈಮ್ ಟ್ರಯಲ್‌ನಲ್ಲಿ ವಿಂಗೆಗಾರ್ಡ್ 1 ನಿಮಿಷ 38 ಸೆಕೆಂಡ್ ಮುಂದೆ ಹೋದರು. ಮರುದಿನ ಕೋಲ್ ಡಿ ಲಾ ಲೋಜ್ ಏರಿನಲ್ಲಿ ಪೊಗಾಚರ್ ಪೂರ್ತಿ ಕುಸಿದು ಐದು ಮುಕ್ಕಾಲು ನಿಮಿಷ ಕಳೆದುಕೊಂಡರು. 2024ರಲ್ಲಿ ತಿರುವುಮುರುವು. ಏಪ್ರಿಲ್‌ನಲ್ಲಿ ಸ್ಪೇನಿನ ಬಾಸ್ಕ್ ನಾಡಿನ ರೇಸಿನಲ್ಲಿ ಬಿದ್ದವರು ವಿಂಗೆಗಾರ್ಡ್. ಮೂಳೆ ಮುರಿದಿತ್ತು, ಶ್ವಾಸಕೋಶಕ್ಕೂ ಪೆಟ್ಟಾಗಿತ್ತು. ಆ ಜುಲೈನಲ್ಲಿ ಪೊಗಾಚರ್ 6 ನಿಮಿಷ 17 ಸೆಕೆಂಡ್ ಅಂತರದಿಂದ ಗೆದ್ದರು. ಅದಕ್ಕೆ ಮೊದಲು ಇಟಲಿಯ ಜಿರೋ ರೇಸನ್ನೂ ಗೆದ್ದಿದ್ದರು. ಒಂದೇ ವರ್ಷ ಈ ಎರಡನ್ನೂ ಗೆದ್ದದ್ದು 1998ರ ಮಾರ್ಕೊ ಪಂತಾನಿ ನಂತರ ಇವರೇ.

ಜೂನ್‌ನಲ್ಲಿ ನಡೆಯುವ ಡೋಫಿನೆ ರೇಸನ್ನೂ (2026ರಿಂದ ಅದರ ಹೆಸರು ಟೂರ್ ಓವರ್ನ್–ರೋನ್–ಆಲ್ಪ್) ತಪ್ಪಿಸಬೇಡಿ. ಆದರೆ ಅಲ್ಲಿನ ಒಂದೇ ದಿನ ನೋಡಿ ತೀರ್ಮಾನ ಕೊಡಬೇಡಿ. 2025ರ ಡೋಫಿನೆ ಟೈಮ್ ಟ್ರಯಲ್‌ನಲ್ಲಿ ವಿಂಗೆಗಾರ್ಡ್ ಅರ್ಧ ನಿಮಿಷದಷ್ಟು ಮುಂದಿದ್ದರು. ‘ಈ ಸಲ ಪೊಗಾಚರ್ ಕಥೆ ಮುಗೀತು’ ಅನ್ನುವುದು ಸುಲಭವಿತ್ತು. ಎರಡು ದಿನ ಕಳೆದು ಪರ್ವತ ಬಂದಾಗ ಅದೇ ಪೊಗಾಚರ್ ಒಂದು ನಿಮಿಷ ಮುಂದೆ ಹೋದರು, ಆ ರೇಸನ್ನೂ ಗೆದ್ದರು. ಟೈಮ್ ಟ್ರಯಲ್‌ನ ಕೊರತೆ ಕಾನ್ ಬರುವ ಹೊತ್ತಿಗೆ ಸರಿಹೋಗಿತ್ತು.

ರೇಸ್ ನಡೆಯುವಾಗ ಮುಖ ನೋಡಿ ಪ್ರಯೋಜನ ಕಡಿಮೆ. ಎಲ್ಲರೂ ನಟರೇ. ಭುಜ ನೋಡಿ. ಸುಸ್ತಾದವರ ಭುಜ ಎಡಕ್ಕೂ ಬಲಕ್ಕೂ ತೂಗಾಡಲು ಶುರುವಾಗುತ್ತದೆ. ಪೊಗಾಚರ್ ಹಲವು ಸಲ ಸೀಟಿನಿಂದ ಏಳದೆಯೇ, ಪೆಡಲ್ ವೇಗ ಏರಿಸಿಯೇ ಹೊರಟುಬಿಡುತ್ತಾರೆ. ಎದ್ದು ನಿಂತು ತುಳಿದರೆ ಹಿಂದಿನವನಿಗೆ ಸುಳಿವು ಸಿಗುತ್ತದೆ, ಅಲ್ವಾ?

ಜೊತೆಗಾರರನ್ನು ಎಣಿಸಿ

ಒಂದು ತಂಡದಲ್ಲಿ ಎಂಟು ಜನ. ಕೊನೆಯ ಏರಿನ ಬುಡಕ್ಕೆ ಬಂದಾಗ ನಾಯಕನ ಜೊತೆ ಎಷ್ಟು ಮಂದಿ ಉಳಿದಿದ್ದಾರೆ? ಈ ಎಣಿಕೆ ನೋಡಿದರೆ ಮುಂದಿನ ಅರ್ಧ ಗಂಟೆಯ ಅಂದಾಜು ಸಿಗುತ್ತದೆ. ಒಟಾಕಾಂ ಬುಡದಲ್ಲಿ ಪೊಗಾಚರ್ ಅವರದೇ ಯುಎಇ ತಂಡದ ನರ್ವಾಯೆಜ್ ಪೂರ್ತಿ ಬಲ ಹಾಕಿ ವೇಗ ಏರಿಸಿದರು. ಗುರಿಗೆ ಇನ್ನೂ 12 ಕಿ.ಮೀ. ಆಸುಪಾಸು ಇರುವಾಗಲೇ ಪೊಗಾಚರ್ ಹೊರಟರು. ಸ್ವಲ್ಪ ದೂರ ಹಿಂಬಾಲಿಸಿದ ವಿಂಗೆಗಾರ್ಡ್ ಆಮೇಲೆ ಒಬ್ಬರೇ ಉಳಿದರು.

ಇದಕ್ಕೆ ವಿರುದ್ಧದ ಪಾಠ 2022ರದ್ದು. ಅಂದು ಗಲಿಬಿಯೇ ಏರಿನಲ್ಲಿ ಎದುರಾಳಿ ತಂಡದ ರೊಗ್ಲಿಚ್ ಮತ್ತು ವಿಂಗೆಗಾರ್ಡ್ ಸರದಿಯ ಮೇಲೆ ನುಗ್ಗಿದರು. ಪೊಗಾಚರ್ ಪ್ರತಿಯೊಂದು ದಾಳಿಗೂ ತಾವೇ ಉತ್ತರ ಕೊಟ್ಟರು. ನೆರವಿಗೆ ಯಾರೂ ಇರಲಿಲ್ಲ. ಗ್ರಾನೋ ಏರು ಬರುವಷ್ಟರಲ್ಲಿ ಖಾಲಿಯಾಗಿದ್ದರು. ಸುಮಾರು ಮೂರು ನಿಮಿಷ ಹೋಯಿತು, ಜೊತೆಗೆ ಟೂರ್ ಕೂಡ.

ಜೆರ್ಸಿ ಕೈಬಿಟ್ಟರೆ ಗಾಬರಿ ಬೇಡ

2025ರಲ್ಲಿ ಪೊಗಾಚರ್ ಐದನೇ ಸ್ಟೇಜ್‌ಗೆ ಹಳದಿ ಜೆರ್ಸಿ ಪಡೆದರು. ಮರುದಿನವೇ ಅದು ಒಂದೇ ಸೆಕೆಂಡ್ ಅಂತರದಲ್ಲಿ ಮಥ್ಯೂ ವಾನ್ ಡರ್ ಪೂಲ್ ಪಾಲಾಯಿತು. ಏಳನೇ ಸ್ಟೇಜ್‌ನಲ್ಲಿ ಮತ್ತೆ ಪೊಗಾಚರ್ ಕೈಗೆ ಬಂದು, ಹತ್ತನೇ ಸ್ಟೇಜ್‌ನಲ್ಲಿ ಐರ್ಲೆಂಡಿನ ಬೆನ್ ಹೀಲಿಗೆ ಹೋಯಿತು. ಸೋಲು ಅಂತ ಅಂದುಕೊಳ್ಳಬೇಡಿ. ಹಳದಿ ಜೆರ್ಸಿ ಇದ್ದರೆ ದಿನವಿಡೀ ಗುಂಪಿನ ಮುಂದೆ ಗಾಳಿಗೆ ಎದೆಕೊಡುವ ಕೆಲಸ ಆ ತಂಡದ್ದು. ಸಂಜೆ ವೇದಿಕೆ, ಪತ್ರಕರ್ತರು, ಸಂದರ್ಶನ, ವಿಶ್ರಾಂತಿ ತಡ. ಪರ್ವತಗಳಲ್ಲಿ ಪೈಪೋಟಿ ಕೊಡಲಾಗದವನು ಎರಡು ದಿನ ಅದನ್ನು ಹಾಕಿಕೊಂಡರೆ ನಷ್ಟವಿಲ್ಲ. ಹೀಲಿ ಜೆರ್ಸಿಯಲ್ಲಿದ್ದಾಗ ಪೊಗಾಚರ್ ಬರೀ 29 ಸೆಕೆಂಡ್ ಹಿಂದಿದ್ದರು. ಒಟಾಕಾಂನಲ್ಲಿ ವಾಪಸ್ ಪಡೆದರು.

ಕೊನೆಯ ವಾರ: ಯಾರ ಹಿಂದೆ ಯಾರು?

ನನಗೆ ತುಂಬಾ ಇಷ್ಟವಾದ ಭಾಗ ಇದು. ಹಲವರಿಗೆ ಬೋರ್ ಹೊಡೆಸಿದ ಭಾಗವೂ ಇದೇ. ಪೇರಗೂಡ್ ಮುಗಿದಾಗ ಅಂತರ 4:07. ಸೂಪರ್‌ಬಾನ್ಯೇರ್ ನಂತರ 4:13. ವೋಂಟೂ ಬೆಟ್ಟದ ನಂತರ 4:15. ಲೋಜ್ ನಂತರ 4:26. ಲಾ ಪ್ಲಾನ್ಯ್ ನಂತರ 4:24. ನಾಲ್ಕು ಪರ್ವತದ ದಿನ ಕಳೆದರೂ ಅಂಕಿ ಕದಲಿಲ್ಲ ಎಂದೇ ಹೇಳಬಹುದು.

ಟೆಸ್ಟ್ ಕ್ರಿಕೆಟ್‌ನಲ್ಲಿ ದೊಡ್ಡ ಮುನ್ನಡೆ ಸಿಕ್ಕ ತಂಡ ಬೌಂಡರಿ ಹುಡುಕುವುದನ್ನು ಬಿಟ್ಟು ವಿಕೆಟ್ ಕಾಯುತ್ತದಲ್ಲ, ಅದೇ ಆಟ. ವೋಂಟೂ ಏರಿನಲ್ಲಿ ವಿಂಗೆಗಾರ್ಡ್ ಮತ್ತೆ ಮತ್ತೆ ನುಗ್ಗಿದರು. ಪೊಗಾಚರ್ ಮಾತ್ರ ವಿಂಗೆಗಾರ್ಡ್ ಅವರ ಹಿಂದಿನ ಚಕ್ರ ಬಿಡಲಿಲ್ಲ. ಲೋಜ್ ದಿನ ವಿಂಗೆಗಾರ್ಡ್ ಮಾದಲೇನ್ ಏರಿನಲ್ಲೇ, ಗುರಿ ಇನ್ನೂ ದೂರ ಇರುವಾಗಲೇ ದಾಳಿ ಮಾಡಿದರು. ಪೊಗಾಚರ್ ಮತ್ತೆ ಅಲ್ಲೇ ಅಂಟಿಕೊಂಡರು. ನಂತರದ ಕಣಿವೆಯಲ್ಲಿ ವೇಗ ತಗ್ಗಿತು, ದಾಳಿಗೆ ಅರ್ಥವೇ ಉಳಿಯಲಿಲ್ಲ. 2023ರಲ್ಲಿ ತಮ್ಮನ್ನು ಮುರಿದ ಅದೇ ಲೋಜ್ ತುದಿಯ ಹತ್ತಿರ ಮಾತ್ರ ಪೊಗಾಚರ್ ಸ್ವಲ್ಪ ಮುಂದೆ ಹೋದರು.

ಅವರು ಸುಸ್ತಾಗಿದ್ದರು ಎಂಬುದೂ ನಿಜ, ಅವರೇ ಹೇಳಿಕೊಂಡರು. ಸಹಾಯಕ ಅಲ್ಮೇಡಾ ಮೊದಲ ವಾರ ಬಿದ್ದು ಒಂಬತ್ತನೇ ಸ್ಟೇಜ್‌ನಲ್ಲೇ ಹೊರನಡೆದಿದ್ದರು. ಹೀಗಿರುವಾಗ ಸ್ಟೇಜ್ ಗೆಲ್ಲುವ ಆಸೆ ಬಿಟ್ಟು ಒಬ್ಬನನ್ನೇ ಕಾಯುವುದು ಹೇಡಿತನವಲ್ಲ. ಲಾ ಪ್ಲಾನ್ಯ್ ದಿನವನ್ನೇ ನೋಡಿ. ದಾರಿಯ ಒಂದು ಏರಿನ ಬಳಿ ದನಗಳಿಗೆ ಚರ್ಮಗಂಟು ರೋಗ ಕಾಣಿಸಿಕೊಂಡಿತ್ತು. ನಮ್ಮ ಹಳ್ಳಿಗಳನ್ನೂ ಕಾಡಿದ ರೋಗವೇ ಅದು. ಸುಮಾರು 130 ಕಿ.ಮೀ. ಸ್ಟೇಜನ್ನು 93ಕ್ಕೆ ಇಳಿಸಿದರು. ತುದಿಯಲ್ಲಿ ನೆದರ್ಲೆಂಡ್ಸ್‌ನ ಆರೆನ್ಸ್‌ಮನ್ ಬರೀ ಎರಡು ಸೆಕೆಂಡ್ ಮುಂದಿದ್ದರು. ಪೊಗಾಚರ್ ಆರೆನ್ಸ್‌ಮನ್‌ರನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ವಿಂಗೆಗಾರ್ಡ್ ಹತ್ತಿರವೇ ಉಳಿದು ಮೂರನೆಯವರಾಗಿ ಬಂದರು. ಎರಡನೆಯವರಿಗೆ 6 ಸೆಕೆಂಡ್, ಮೂರನೆಯವರಿಗೆ 4 ಸೆಕೆಂಡ್ ಬೋನಸ್. 4:26 ಹೋಗಿ 4:24 ಆದದ್ದು ಹೀಗೆ.

ಸಮಯ ಕಡಿಮೆ ಇದ್ದರೆ

ಸ್ಟೇಜ್‌ಗಳು ಸಾಮಾನ್ಯವಾಗಿ ನಮ್ಮ ಗಡಿಯಾರದಲ್ಲಿ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆಯ ನಡುವೆ ಮುಗಿಯುತ್ತವೆ. ಪರ್ವತದ ದಿನವಾದರೆ ಕೊನೆಯ ಏರಿನ ಬುಡದಿಂದ ನೋಡಿದರೆ ಸಾಕು. ತುದಿಯಿಂದಲ್ಲ, ಬುಡದಿಂದ. ಪರದೆಯ ಮೂಲೆಯಲ್ಲಿ ಕಾಣುವ ಬ್ರೇಕ್‌ಅವೇ (ಗುಂಪು ಬಿಟ್ಟು ಮುಂದೆ ಹೋದವರ) ಅಂತರ ಬಿಟ್ಟುಬಿಡಿ. ಮೊದಲ ಇಬ್ಬರ ನಡುವಿನ ಹಿಂದಿನ ದಿನದ ಅಂತರ ಬರೆದಿಟ್ಟುಕೊಳ್ಳಿ, ಸ್ಟೇಜ್ ಮುಗಿದ ಮೇಲೆ ಬೋನಸ್ ಸೇರಿಸಿ ಹೊಸದನ್ನು ಅದರ ಕೆಳಗೆ ಬರೆಯಿರಿ. ಸಮತಟ್ಟಿನ ದಿನ ಹೈಲೈಟ್ಸ್ ನೋಡಿಕೊಂಡು ಬೇಗ ಮಲಗಬಹುದು.